1766319049: ಅರವತ್ತೊಂದರ ಜ್ಯೇಷ್ಠಮೂಲ

ನೂರ ಎಪ್ಪತ್ತಾರು ಕೋಟಿ ಅರವತ್ತಮೂರು ಲಕ್ಷ ಹತ್ತೊಂಬತ್ತು ಸಾವಿರದ ನಲವತ್ತೊಂಬತ್ತು. ಅಂಕಿಗಳಲ್ಲಿ ಬರೆದರೆ 1766319049. ಹತ್ತು ಅಂಕಿಗಳ ಈ ಸಂಖ್ಯೆ ಇಂದಿನ ಲೆಕ್ಕದಲ್ಲಿ ದೊಡ್ಡದೇನೂ ಅಲ್ಲ. ಒಂದು ರಾಜ್ಯ ಸರ್ಕಾರದ ಆಯವ್ಯಯ ಪತ್ರದಲ್ಲಿ ಇದಕ್ಕಿಂತ ದೊಡ್ಡ ಮೊತ್ತಗಳು ಪುಟಪುಟಕ್ಕೂ ಸಿಗುತ್ತವೆ. ಆದರೂ ಇದನ್ನು ಕುರಿತು ಒಂದು ದೀರ್ಘ ಬರಹವನ್ನೇ ಬರೆಯಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣ ಅದರ ಗಾತ್ರವಲ್ಲ, ಅದು ಬಂದ ದಾರಿ. ಈ ಸಂಖ್ಯೆಯನ್ನು ವರ್ಗ ಮಾಡಿ, 226153980 ಎಂಬ ಇನ್ನೊಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಬಂದದ್ದನ್ನು ಅದರಿಂದ ಕಳೆದರೆ ಉಳಿಯುವುದು ಒಂದೇ ಒಂದು.

1766319049² − 61 × 226153980² = 1

ಇಂತಹ ಜೋಡಿಗಳು ಅನಂತವಾಗಿವೆ. ಆದರೆ ಸೊನ್ನೆಯನ್ನು ಬಿಟ್ಟು ಹುಡುಕಿದರೆ ಎಲ್ಲಕ್ಕಿಂತ ಚಿಕ್ಕ ಜೋಡಿ ಇದೇ. 61ರಂತಹ ಸಾಧಾರಣ ಸಂಖ್ಯೆಯನ್ನು ಮುಂದಿಟ್ಟು ಕೇಳಿದ ಪ್ರಶ್ನೆಗೆ ಇರುವ ಅತ್ಯಂತ ಚಿಕ್ಕ ಉತ್ತರವೇ ನೂರ ಎಪ್ಪತ್ತಾರು ಕೋಟಿಯನ್ನು ದಾಟುತ್ತದೆ ಎಂಬುದು ಮೊದಲ ಬಾರಿಗೆ ಕೇಳಿದವರಿಗೆ ನಂಬಲು ಕಷ್ಟ. ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿದರೆ ಅಚ್ಚರಿ ಇನ್ನೂ ಹೆಚ್ಚುತ್ತದೆ. 61ರ ಬದಲು 60 ಇದ್ದಿದ್ದರೆ 31 ಮತ್ತು 4 ಸಾಕಾಗುತ್ತಿದ್ದವು: 961ರಿಂದ 960ನ್ನು ಕಳೆದರೆ ಒಂದು. 62ಕ್ಕೆ 63 ಮತ್ತು 8 ಸಾಕು. 63ಕ್ಕಂತೂ 8 ಮತ್ತು 1. ಒಂದು ಹೆಜ್ಜೆ ಹಿಂದೆ ಮತ್ತು ಒಂದು ಹೆಜ್ಜೆ ಮುಂದೆ ಬಾಯಿಲೆಕ್ಕದಲ್ಲಿ ಮುಗಿಯುವ ಪ್ರಶ್ನೆ ನಡುವಿನ 61ರಲ್ಲಿ ಹತ್ತು ಅಂಕಿಗಳಿಗೆ ಬೆಳೆದುಬಿಡುತ್ತದೆ. ನೂರರೊಳಗಿನ ಯಾವ ಸಂಖ್ಯೆಗೂ ಇಷ್ಟು ದೊಡ್ಡ ಕನಿಷ್ಠ ಉತ್ತರವಿಲ್ಲ. 61ನ್ನು ಮೀರಿಸುವ ಮುಂದಿನ ಸಂಖ್ಯೆ ಸಿಗಬೇಕಾದರೆ 109ರವರೆಗೆ ಹೋಗಬೇಕು.

ಒಂದೊಂದೇ ಸಂಖ್ಯೆಯನ್ನು ಹಾಕಿ ನೋಡುತ್ತ ಹೋಗುವವರ ಗತಿ ಏನಾಗುತ್ತಿತ್ತೆಂದು ಲೆಕ್ಕ ಹಾಕುವುದು ಸುಲಭ. ಊಟ ನಿದ್ರೆಗಳನ್ನು ಬಿಟ್ಟು ನಿಮಿಷಕ್ಕೊಂದರಂತೆ ಪರೀಕ್ಷಿಸಿದರೂ ಇಪ್ಪತ್ತೆರಡು ಕೋಟಿ ಅರವತ್ತೊಂದು ಲಕ್ಷ ಪರೀಕ್ಷೆಗಳಿಗೆ ಸುಮಾರು 430 ವರ್ಷ ಬೇಕು. ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ವನ್ನು ಮುಗಿಸಿದ 1150ರಲ್ಲಿ ಒಂದು ಮನೆತನ ಈ ಕೆಲಸಕ್ಕೆ ಕೂತಿದ್ದರೆ, ತಲೆಮಾರುಗಳು ಉರುಳಿ 1580ರ ಸುಮಾರಿಗೆ ಉತ್ತರ ಸಿಗುತ್ತಿತ್ತು. ಭಾಸ್ಕರರು ಅದನ್ನು ಕೆಲವೇ ಸಾಲುಗಳಲ್ಲಿ ಮುಗಿಸಿದ್ದಾರೆ.

ಪ್ರಶ್ನೆ ಬರುವುದು ಒಂದು ಶ್ಲೋಕದಲ್ಲಿ. ಯಾವ ವರ್ಗವನ್ನು 67ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ವರ್ಗವೇ ಬರುತ್ತದೆ, ಯಾವ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಹಾಗೆಯೇ ಆಗುತ್ತದೆ, ಗೆಳೆಯಾ, ವರ್ಗಪ್ರಕೃತಿ ನಿನ್ನ ಮನಸ್ಸಿನಲ್ಲಿ ಬಳ್ಳಿಯಂತೆ ಹಬ್ಬಿದ್ದರೆ ಹೇಳು ಎಂದು ಅಲ್ಲಿ ಕೇಳಲಾಗಿದೆ. 67ರ ಉತ್ತರ 48842 ಮತ್ತು 5967. ಅದೂ ಸಣ್ಣದಲ್ಲ; ಆದರೆ 61ರ ಮುಂದೆ ಅದು ಏನೂ ಅಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ, ಗೆಳೆಯನೊಂದಿಗೆ ಒಗಟು ಹಂಚಿಕೊಳ್ಳುವ ದನಿಯಲ್ಲಿ ಕೇಳಿರುವುದರಲ್ಲಿ ಸ್ವಲ್ಪ ತುಂಟತನವಿದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಈ ಬಗೆಯ ಪ್ರಶ್ನೆಗೆ ಭಾರತೀಯ ಗಣಿತದಲ್ಲಿ ವರ್ಗಪ್ರಕೃತಿ ಎಂದು ಹೆಸರು. 61 ಇಲ್ಲಿ ಪ್ರಕೃತಿ; 226153980 ಕನಿಷ್ಠಮೂಲ; 1766319049 ಜ್ಯೇಷ್ಠಮೂಲ; ಕೂಡಿಸಬೇಕಾದ ಅಥವಾ ಕಳೆಯಬೇಕಾದ ಶೇಷ ಕ್ಷೇಪ. ಕ್ಷೇಪ 1 ಆಗಿರಬೇಕು ಎಂಬುದು ಅಂತಿಮ ಗುರಿ. ದಾರಿಯಲ್ಲಿ ಅದು ಮೂರೋ ನಾಲ್ಕೋ ಆಗಿದ್ದರೂ, ಋಣವಾಗಿದ್ದರೂ ನಡೆಯುತ್ತದೆ.

ಭಾಸ್ಕರರ ಊರಿನ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಕನ್ನಡದಲ್ಲಿ ಅವರ ಮಾತು ಬಂದಾಗಲೆಲ್ಲ ಅದೇ ಮುಖ್ಯ ಚರ್ಚೆಯಾಗಿ ಗಣಿತ ಹಿಂದಕ್ಕೆ ಸರಿಯುತ್ತದೆ. ತಾವು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದ್ದಾಗಿಯೂ ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದೂ ಅವರೇ ಬರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ, ಭಾಸ್ಕರರ ಕೃತಿಗಳ ಅಧ್ಯಯನಕ್ಕಾಗಿ ಅವರ ಮೊಮ್ಮಗ ಚಂಗದೇವ ಸ್ಥಾಪಿಸಿದ ಮಠವನ್ನು ಕುರಿತ 1207ರ ಶಾಸನ ಇರುವುದರಿಂದ, ಊರು ಆ ಕಡೆಯದೇ ಎನ್ನುವವರೂ ಇದ್ದಾರೆ. ವಿಜಯಪುರ ಸಹ್ಯಾದ್ರಿಯಿಂದ ಬಹಳ ದೂರ ಎಂಬ ಆಕ್ಷೇಪ ನನಗೆ ತೂಕದ್ದಾಗಿ ಕಾಣುತ್ತದೆ. ಯಾವ ಪಕ್ಷ ಸರಿಯಾದರೂ 61ರ ಉತ್ತರದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ.

ಈಗ ದಾರಿ. ಇದರ ಬುನಾದಿಯನ್ನು ಹಾಕಿದವರು ಭಾಸ್ಕರರಲ್ಲ, ಅವರಿಗಿಂತ ಐದು ಶತಮಾನಗಳಿಗೂ ಹಿಂದಿನ ಬ್ರಹ್ಮಗುಪ್ತರು. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅವರು ಕೊಟ್ಟ ‘ಭಾವನಾ’ ಎಂಬ ನಿಯಮ ಹೀಗಿದೆ: ಒಂದೇ ಪ್ರಕೃತಿಯ ಎರಡು ಜೋಡಿಗಳು ಎರಡು ಬೇರೆ ಬೇರೆ ಕ್ಷೇಪಗಳನ್ನು ಕೊಡುತ್ತಿದ್ದರೆ, ಅವೆರಡನ್ನೂ ಬೆಸೆದು ಮೂರನೆಯ ಜೋಡಿಯನ್ನು ಪಡೆಯಬಹುದು, ಮತ್ತು ಅದರ ಕ್ಷೇಪ ಮೊದಲಿನ ಎರಡು ಕ್ಷೇಪಗಳ ಗುಣಲಬ್ಧವಾಗಿರುತ್ತದೆ. ಬೆಸೆಯುವ ವಿಧಾನವೂ ಸರಳ. ಜ್ಯೇಷ್ಠಗಳನ್ನು ತಮ್ಮ ತಮ್ಮಲ್ಲಿ ಗುಣಿಸಿ, ಕನಿಷ್ಠಗಳ ಗುಣಲಬ್ಧದ 61 ಪಟ್ಟನ್ನು ಅದಕ್ಕೆ ಕೂಡಿಸಿದರೆ ಹೊಸ ಜ್ಯೇಷ್ಠ. ಒಂದರ ಜ್ಯೇಷ್ಠವನ್ನು ಇನ್ನೊಂದರ ಕನಿಷ್ಠದಿಂದ ಅಡ್ಡಡ್ಡವಾಗಿ ಗುಣಿಸಿ ಕೂಡಿಸಿದರೆ ಹೊಸ ಕನಿಷ್ಠ. ತಮ್ಮ ಉದಾಹರಣೆಗಳಲ್ಲಿ ಒಂದಾದ ಪ್ರಕೃತಿ 92ನ್ನು ಕೊಟ್ಟು, ವರ್ಷದೊಳಗೆ ಇದನ್ನು ಬಿಡಿಸಿದವನು ಗಣಕ ಎಂದು ಬ್ರಹ್ಮಗುಪ್ತರು ಹೇಳಿದ್ದಾರೆ. ಅದರ ಉತ್ತರ 1151 ಮತ್ತು 120.

ಭಾವನೆಯೊಂದರಿಂದಲೇ ಎಲ್ಲ ಪ್ರಕೃತಿಗಳೂ ಬಗೆಹರಿಯುವುದಿಲ್ಲ. ಅನುಕೂಲವಾದ ಸಣ್ಣ ಕ್ಷೇಪವೊಂದು ಮೊದಲು ಕೈಗೆ ಸಿಗಬೇಕು. ಅದನ್ನು ಹುಡುಕಿ ತರುವ ವ್ಯವಸ್ಥಿತ ವಿಧಾನವೇ ಚಕ್ರವಾಳ. ಇದೂ ಭಾಸ್ಕರರ ಸ್ವಂತದ್ದೆಂದು ಬಹುಕಾಲ ನಂಬಲಾಗಿತ್ತು. ಆದರೆ ಉದಯದಿವಾಕರನ 1073ರ ‘ಸುಂದರೀ’ ವ್ಯಾಖ್ಯಾನದಲ್ಲಿ ಜಯದೇವನೆಂಬ ಗಣಿತಜ್ಞನ ಶ್ಲೋಕಗಳು ಉದ್ಧೃತವಾಗಿದ್ದು, ಅವುಗಳಲ್ಲಿ ಚಕ್ರವಾಳದ ವಿವರಣೆ ಇರುವುದನ್ನು ಕೃಪಾಶಂಕರ ಶುಕ್ಲ ಅವರು 1954ರಲ್ಲಿ ಪ್ರಕಟಿಸಿದರು. ಆ ಒಂದು ವ್ಯಾಖ್ಯಾನ ಹುಳ ತಿಂದು ಹೋಗಿದ್ದರೆ ಜಯದೇವನ ಗಣಿತ ನಮಗೆ ತಲುಪುತ್ತಲೇ ಇರಲಿಲ್ಲ.

61ಕ್ಕೆ ಚಕ್ರವಾಳವನ್ನು ಓಡಿಸಿ ನೋಡೋಣ. 61ಕ್ಕೆ ಹತ್ತಿರದ ವರ್ಗ 64. ಆದ್ದರಿಂದ ಜ್ಯೇಷ್ಠ 8, ಕನಿಷ್ಠ 1, ಕ್ಷೇಪ 3 ಎಂದು ಆರಂಭಿಸಬಹುದು. ಈಗ ಒಂದು ಹೊಸ ಗುಣಕವನ್ನು ಆರಿಸಬೇಕು. ಅದಕ್ಕೆ ಎರಡು ಷರತ್ತುಗಳು. ಅದನ್ನು ಕನಿಷ್ಠದಿಂದ ಗುಣಿಸಿ ಜ್ಯೇಷ್ಠವನ್ನು ಕೂಡಿಸಿದರೆ ಕ್ಷೇಪದಿಂದ ನಿಶ್ಶೇಷವಾಗಿ ಭಾಗವಾಗಬೇಕು, ಮತ್ತು ಅದರ ವರ್ಗ 61ಕ್ಕೆ ಆದಷ್ಟು ಹತ್ತಿರವಿರಬೇಕು. 8ರೊಂದಿಗೆ ಕೂಡಿ 3ರಿಂದ ಭಾಗವಾಗುವ ಸಂಖ್ಯೆಗಳು 1, 4, 7, 10 ಇತ್ಯಾದಿ. ಇವುಗಳಲ್ಲಿ 7ರ ವರ್ಗ 49. 61ರಿಂದ ಅದರ ದೂರ 12 ಮಾತ್ರ. 7ನ್ನು ಜ್ಯೇಷ್ಠವಾಗಿ, 1ನ್ನು ಕನಿಷ್ಠವಾಗಿ ಇಟ್ಟು ಮೊದಲ ಜೋಡಿಯೊಡನೆ ಭಾವನೆಯನ್ನು ನಡೆಸಿ ಕ್ಷೇಪ 3ರಿಂದ ಭಾಗಿಸಿದರೆ ಜ್ಯೇಷ್ಠ 39, ಕನಿಷ್ಠ 5, ಕ್ಷೇಪ −4 ಬರುತ್ತವೆ. 39ರ ವರ್ಗ 1521. 61ನ್ನು 25ರಿಂದ ಗುಣಿಸಿದರೆ 1525. ವ್ಯತ್ಯಾಸ ಋಣ ನಾಲ್ಕು.

ಒಂದೇ ಸುತ್ತಿಗೆ −4 ಸಿಕ್ಕಿತು. ಇನ್ನು ಚಕ್ರವನ್ನು ತಿರುಗಿಸುವ ಅಗತ್ಯವಿಲ್ಲ, ಏಕೆಂದರೆ ಕ್ಷೇಪ 4 ಅಥವಾ −4 ಸಿಕ್ಕಿದರೆ ಮುಂದಿನದು ಬ್ರಹ್ಮಗುಪ್ತರ ಕೆಲಸ. ಭಾಸ್ಕರರು ಎಲ್ಲವನ್ನೂ ಎರಡರಿಂದ ಭಾಗಿಸಿ 39/2 ಮತ್ತು 5/2 ಎಂಬ ಭಿನ್ನರಾಶಿಗಳನ್ನು, ಕ್ಷೇಪ −1ರೊಡನೆ, ಪಡೆಯುತ್ತಾರೆ. ಇದನ್ನು ಇದರೊಡನೆಯೇ ಬೆಸೆದಾಗ 1523/2 ಮತ್ತು 195/2, ಕ್ಷೇಪ 1. ಇದಕ್ಕೆ ಮೊದಲಿನದನ್ನು ಇನ್ನೊಮ್ಮೆ ಬೆಸೆದಾಗ ಭಿನ್ನಗಳು ಮಾಯವಾಗಿ 29718 ಮತ್ತು 3805 ಸಿಗುತ್ತವೆ, ಆದರೆ ಕ್ಷೇಪ ಮತ್ತೆ −1. ಈ ಕೊನೆಯ ಜೋಡಿಯನ್ನು ಅದರೊಡನೆಯೇ ಬೆಸೆದರೆ ಕ್ಷೇಪ 1 ಆಗುತ್ತದೆ, ಜ್ಯೇಷ್ಠ 1766319049 ಆಗುತ್ತದೆ, ಕನಿಷ್ಠ 226153980 ಆಗುತ್ತದೆ. ಇಷ್ಟೇ ಕೆಲಸ. ಕಾಗದ ಪೆನ್ಸಿಲು ಹಿಡಿದು ಯಾರು ಬೇಕಾದರೂ ಮಾಡಿ ನೋಡಬಹುದು. ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಏಕೆ ಮಾಡಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಇಲ್ಲಿಯವರೆಗಿನದು ಬಹಳ ಜನ ಬರೆದಿರುವ ಕಥೆ. ನನಗೆ ಹೆಚ್ಚು ಆಸಕ್ತಿ ಇರುವುದು ಉತ್ತರವಾಗಿ ಬಂದ ಸಂಖ್ಯೆಯ ಒಳಗೆ. ಸಾಮಾನ್ಯವಾಗಿ ಎಲ್ಲರೂ ಉತ್ತರವನ್ನು ಬರೆದು, ಎಷ್ಟು ದೊಡ್ಡದು ನೋಡಿ ಎಂದು ಬೆರಗಾಗಿ ಅಲ್ಲಿಗೆ ನಿಲ್ಲಿಸುತ್ತಾರೆ. ಆದರೆ 1766319049 ಬರಿಯ ದೊಡ್ಡ ಸಂಖ್ಯೆಯಲ್ಲ. ತಾನು ನಡೆದು ಬಂದ ಹಾದಿಯ ಗುರುತುಗಳನ್ನು ಅದು ತನ್ನ ಮೈಮೇಲೆ ಉಳಿಸಿಕೊಂಡಿದೆ.

ಮೊದಲು ಅದರ ಎಡಬಲದ ಸಂಖ್ಯೆಗಳನ್ನು ನೋಡಬೇಕು. ಒಂದು ಕಡಿಮೆ ಮಾಡಿದರೆ 1766319048. ಅದು 29718ರ ವರ್ಗದ ಸರಿಯಾಗಿ ಎರಡರಷ್ಟು. ಒಂದು ಹೆಚ್ಚಿಸಿದರೆ 1766319050. ಅದು 3805ರ ವರ್ಗದ 122ರಷ್ಟು, ಅಂದರೆ 61ರ ಎರಡರಷ್ಟರಿಂದ ಆ ವರ್ಗವನ್ನು ಗುಣಿಸಿದ್ದು. ಕೊನೆಯ ಭಾವನೆಗೆ ಹಾಕಿದ ಎರಡು ಸಂಖ್ಯೆಗಳು ಹೀಗೆ ಉತ್ತರದ ಎರಡೂ ಪಕ್ಕದಲ್ಲಿ ಕುಳಿತಿವೆ. ಇದರಿಂದ ಒಂದು ಪ್ರಯೋಜನವೂ ಇದೆ. 1766319049ರ ವರ್ಗ 3119882982860264401 ಎಂಬ ಹತ್ತೊಂಬತ್ತು ಅಂಕಿಗಳ ಸಂಖ್ಯೆ. 226153980ರ ವರ್ಗದ 61ರಷ್ಟು 3119882982860264400. ಕೊನೆಯ ಅಂಕಿಯಲ್ಲಿ ಮಾತ್ರ ಇರುವ ಈ ವ್ಯತ್ಯಾಸವನ್ನು ಕೈಲೆಕ್ಕದಲ್ಲಿ ಪರೀಕ್ಷಿಸುವುದು ಬೇಸರದ ಕೆಲಸ. ಆದರೆ ಒಂದು ಸಂಖ್ಯೆಯ ವರ್ಗದಿಂದ ಒಂದನ್ನು ಕಳೆದರೆ ಬರುವುದು ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳ ಗುಣಲಬ್ಧ. ಇಲ್ಲಿ ಅವೆರಡರ ರೂಪವೂ ನಮಗೆ ಗೊತ್ತಿದೆ. ಗುಣಿಸಿದರೆ 29718 ಮತ್ತು 3805ರ ಗುಣಲಬ್ಧದ ಎರಡರಷ್ಟನ್ನು ವರ್ಗ ಮಾಡಿ 61ರಿಂದ ಗುಣಿಸಿದ್ದು ತಾನಾಗಿಯೇ ಸಿಗುತ್ತದೆ. ಪರೀಕ್ಷೆಗೆ ಉಳಿಯುವುದು ಒಂದೇ ಸಣ್ಣ ಲೆಕ್ಕ: 29718ರ ವರ್ಗ 883159524, ಮತ್ತು 3805ರ ವರ್ಗದ 61ರಷ್ಟು 883159525.

ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಮೂಲ ಸಮೀಕರಣವನ್ನು ನೇರವಾಗಿ ಬರೆದವರಿಗೆ ಉತ್ತರ ಒಂದರ ಬದಲು ಸೊನ್ನೆ ಬರುತ್ತದೆ ಎಂಬುದು ಈ ಸಂದರ್ಭದಲ್ಲಿ ಹೇಳಬೇಕಾದ ಮಾತು. ಸ್ಪ್ರೆಡ್‌ಶೀಟುಗಳು ಸಾಮಾನ್ಯವಾಗಿ ಹದಿನೈದು ಹದಿನಾರು ಅಂಕಿಗಳಷ್ಟೇ ನಿಖರತೆಯನ್ನು ಉಳಿಸಿಕೊಳ್ಳುತ್ತವೆ. ಹತ್ತೊಂಬತ್ತನೆಯ ಅಂಕಿಯಲ್ಲಿರುವ ಆ ಒಂದು ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಪೂರ್ಣಾಂಕಗಳನ್ನು ಪೂರ್ತಿಯಾಗಿ ಇಟ್ಟುಕೊಳ್ಳುವ ಪೈಥಾನ್‌ನಂತಹ ಭಾಷೆಯಲ್ಲಿ ಬರೆದರೆ ಸರಿಯಾದ ಉತ್ತರ ಬರುತ್ತದೆ.

ಇನ್ನು ಸಂಖ್ಯೆಯನ್ನೇ ಒಡೆದು ನೋಡೋಣ. 1766319049 ಅವಿಭಾಜ್ಯವಲ್ಲ. ಅದರ ಅಪವರ್ತನಗಳು 11, 59, 1523 ಮತ್ತು 1787. ನಾಲ್ಕೂ ಅವಿಭಾಜ್ಯ ಸಂಖ್ಯೆಗಳು. ಇವುಗಳಲ್ಲಿ 1523 ಪರಿಚಿತ ಮುಖ. ದಾರಿಯ ಮಧ್ಯದಲ್ಲಿ, 39/2ನ್ನು ಅದರೊಡನೆಯೇ ಬೆಸೆದಾಗ ಬಂದ 1523/2ರಲ್ಲಿ ಇದ್ದದ್ದು ಅದೇ ಅಲ್ಲವೇ? ಅದು ಅಂತಿಮ ಉತ್ತರವನ್ನು ನಿಶ್ಶೇಷವಾಗಿ ಭಾಗಿಸುವುದು ಆಕಸ್ಮಿಕವಲ್ಲ. ಕ್ಷೇಪ −4 ಇದ್ದಾಗ ಏನು ಮಾಡಬೇಕೆಂದು ಬ್ರಹ್ಮಗುಪ್ತರು ಹೇಳಿದ ನಿಯಮವನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು: ಜ್ಯೇಷ್ಠದ ವರ್ಗಕ್ಕೆ ಎರಡನ್ನು ಕೂಡಿಸಿ, ಬಂದದ್ದರ ವರ್ಗದಿಂದ ಮೂರನ್ನು ಕಳೆದು ಅರ್ಧ ಮಾಡಿ, ಇವೆರಡನ್ನೂ ಗುಣಿಸಿ. 39ರ ವರ್ಗಕ್ಕೆ ಎರಡನ್ನು ಕೂಡಿಸಿದರೆ 1523. ಅದರ ವರ್ಗ 2319529. ಮೂರು ಕಳೆದು ಅರ್ಧ ಮಾಡಿದರೆ 1159763. ಎರಡರ ಗುಣಲಬ್ಧವೇ 1766319049. ಅಂದರೆ ಈ ಸಂಖ್ಯೆ ಅವಿಭಾಜ್ಯವಾಗಲಾರದು ಎಂಬುದು, ಭಾಸ್ಕರರು ಅದನ್ನು ಬರೆಯುವುದಕ್ಕೆ ಐದು ಶತಮಾನಗಳ ಮೊದಲೇ, 628ರ ಒಂದು ನಿಯಮದ ಒಡಲಲ್ಲಿ ಅಡಗಿತ್ತು. ಸಂಖ್ಯೆಯನ್ನು ಯಾರೂ ಕಾಣುವ ಮೊದಲೇ ಅದರ ಭಾಜಕವೊಂದನ್ನು ಕೊಟ್ಟಿಟ್ಟ ಸೂತ್ರ ಅದು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ಸೊಗಸಾದ ಸಂಗತಿ ಇದೇ, ಮತ್ತು ಇದನ್ನು ಯಾರೂ ಒತ್ತಿ ಹೇಳುವುದಿಲ್ಲ.

ನಾಲ್ಕು ಅಪವರ್ತನಗಳಲ್ಲಿ ಇನ್ನೊಂದು ಸಾಮ್ಯವಿದೆ. 11, 59, 1523, 1787 ಇವುಗಳಲ್ಲಿ ಯಾವುದನ್ನು 8ರಿಂದ ಭಾಗಿಸಿದರೂ ಶೇಷ 3. ಇದಕ್ಕೂ ಮೇಲಿನ ಎಡಬಲದ ಮಾತಿಗೂ ನಂಟಿದೆ. ನಮ್ಮ ಸಂಖ್ಯೆ ಒಂದು ವರ್ಗದ ಎರಡರಷ್ಟಕ್ಕೆ ಒಂದನ್ನು ಕೂಡಿಸಿದ್ದು. ಇಂತಹ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯಕ್ಕಾದರೂ 8ರ ಭಾಗಾಕಾರದಲ್ಲಿ 1 ಅಥವಾ 3 ಮಾತ್ರ ಶೇಷವಾಗಿ ಉಳಿಯಬಲ್ಲದು. ಹೀಗಾಗಿ 5, 7, 13, 23 ಮುಂತಾದವು ಇಲ್ಲಿ ಕಾಲಿಡುವಂತೆಯೇ ಇಲ್ಲ. ಅಂತಹ ಪ್ರತಿ ಅವಿಭಾಜ್ಯವನ್ನೂ ಒಂದು ವರ್ಗ ಮತ್ತು ಇನ್ನೊಂದು ವರ್ಗದ ಎರಡರಷ್ಟರ ಮೊತ್ತವಾಗಿ ಬರೆಯಬಹುದು: 11 ಎಂದರೆ 3² + 2 × 1², 59 ಎಂದರೆ 3² + 2 × 5², 1787 ಎಂದರೆ 27² + 2 × 23². 1523ಕ್ಕೆ ಬಂದಾಗ 39² + 2 × 1² ಎಂದು ನಮ್ಮ ಹಳೆಯ 39 ಮತ್ತೆ ಎದುರಾಗುತ್ತದೆ.

ಉಳಿದ ಎರಡು ಸಣ್ಣ ಅಪವರ್ತನಗಳು, 11 ಮತ್ತು 59, ಇನ್ನೊಂದು ಕಡೆಯೂ ಜೊತೆಯಾಗಿ ಸಿಗುತ್ತವೆ. ಪ್ರಕೃತಿ 13ಕ್ಕೆ ಅತಿ ಚಿಕ್ಕ ಉತ್ತರ 649 ಮತ್ತು 180. 649 ಎಂದರೆ 11ನ್ನು 59ರಿಂದ ಗುಣಿಸಿದ್ದು. ಅಂದರೆ 13ರ ಜ್ಯೇಷ್ಠಮೂಲ 61ರ ಜ್ಯೇಷ್ಠಮೂಲವನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಇದನ್ನು ನಾನು ಕಾಕತಾಳೀಯವೆಂದೇ ಎಣಿಸುತ್ತೇನೆ, ಆದರೂ ಕಂಡಾಗ ಖುಷಿಯಾಯಿತು ಎಂಬುದನ್ನು ಮುಚ್ಚಿಡಲಾರೆ.

−4 ಎಂಬ ಒಳದಾರಿಯನ್ನು ಬಿಟ್ಟು ಚಕ್ರವನ್ನು ಕೊನೆಯವರೆಗೂ ತಿರುಗಿಸುತ್ತ ಹೋದರೆ ಏನಾಗುತ್ತದೆ ಎಂದು ನೋಡುವುದೂ ಲಾಭದಾಯಕ. ಜ್ಯೇಷ್ಠಗಳು ಕ್ರಮವಾಗಿ 8, 39, 164, 453, 1523, 5639, 29718 ಎಂದು ಬರುತ್ತವೆ. ಅವುಗಳ ಕ್ಷೇಪಗಳು 3, −4, −5, 5, 4, −3, −1. ಈ ಕ್ಷೇಪಗಳ ಸಾಲನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ನಡುವಿನಲ್ಲಿ ಒಂದು ಕನ್ನಡಿ ಇರುವುದು ತಿಳಿಯುತ್ತದೆ. ಮೂರು, ನಾಲ್ಕು, ಐದು ಎಂದು ಒಳಗೆ ಹೋದದ್ದು ಐದು, ನಾಲ್ಕು, ಮೂರು ಎಂದು ಚಿಹ್ನೆ ಬದಲಿಸಿಕೊಂಡು ಹೊರಗೆ ಬರುತ್ತದೆ. ಕನ್ನಡಿ ಇರುವ ಜಾಗ −5ರಿಂದ 5ಕ್ಕೆ ಹೋಗುವ ಹೆಜ್ಜೆ; ಆ ಹೆಜ್ಜೆಯಲ್ಲಿ ಆರಿಸಿಕೊಳ್ಳಬೇಕಾದ ಗುಣಕ 6. ಐದರ ವರ್ಗ 25, ಆರರ ವರ್ಗ 36, ಎರಡರ ಮೊತ್ತ 61. ನಾಲ್ಕರಿಂದ ಭಾಗಿಸಿದಾಗ ಒಂದು ಶೇಷವಾಗಿ ಉಳಿಯುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವಾಗಿರುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಪ್ರಸಿದ್ಧ ಸಂಗತಿ. 61 ತನ್ನ ಆ ಎರಡು ವರ್ಗಗಳನ್ನು ಚಕ್ರದ ಸರಿಯಾದ ನಡುಬಿಂದುವಿನಲ್ಲಿ ಹೊರಹಾಕುತ್ತದೆ. ಮತ್ತು ಈ ಕನ್ನಡಿಯೇ 61ರ ಉತ್ತರವನ್ನು ಇಷ್ಟು ಬೆಳೆಸಿದ ಕಾರಣಗಳಲ್ಲಿ ಒಂದು. ಅದರಿಂದಾಗಿ ಮೊದಲ ಏಳು ಹೆಜ್ಜೆಗಳು ನಮ್ಮನ್ನು 1ಕ್ಕೆ ಒಯ್ಯದೆ −1ಕ್ಕೆ ಒಯ್ಯುತ್ತವೆ. ಧನ ಒಂದನ್ನು ಪಡೆಯಲು ಅಷ್ಟೇ ದಾರಿಯನ್ನು ಮತ್ತೊಮ್ಮೆ ನಡೆಯಬೇಕು. ವಿತತ ಭಿನ್ನರಾಶಿಗಳ, ಅಂದರೆ ಭಿನ್ನದೊಳಗೆ ಭಿನ್ನವಾಗಿ ಮುಂದುವರಿಯುವ ರಾಶಿಗಳ, ಭಾಷೆಯಲ್ಲಿ ಹೇಳುವವರು 61ರ ವರ್ಗಮೂಲದ ಆವರ್ತ (ಮರುಕಳಿಸುವ ಸಾಲಿನ ಉದ್ದ) 11, ಅದು ಬೆಸ, ಆದ್ದರಿಂದ 22 ಹೆಜ್ಜೆ ಬೇಕು ಎನ್ನುತ್ತಾರೆ. ಚಕ್ರವಾಳ ಅದೇ ದೂರವನ್ನು ಹದಿನಾಲ್ಕರಲ್ಲಿ ಮುಗಿಸುತ್ತದೆ.

ಇನ್ನೊಂದು ಕಾರಣ ಅರ್ಧಗಳದ್ದು. ಕ್ಷೇಪ −1 ಕೊಡುವ ಅತಿ ಚಿಕ್ಕ ಜೋಡಿ 39/2 ಮತ್ತು 5/2, ಅವು ಪೂರ್ಣಾಂಕಗಳಲ್ಲ. ಪೂರ್ಣಾಂಕವಾಗಲು ಮೂರು ಸಲ ಬೆಸೆಯಬೇಕು, ಋಣ ಚಿಹ್ನೆ ಹೋಗಲು ಅದನ್ನು ಇಮ್ಮಡಿಸಬೇಕು. ಒಟ್ಟು ಆರು. ಹೀಗೆ ನಮ್ಮ ಹತ್ತಂಕಿಯ ಸಂಖ್ಯೆ ನಿಜವಾಗಿ ಒಂದು ಸಣ್ಣ ಬೀಜದ ಆರನೆಯ ಘಾತ: 39ಕ್ಕಿಂತ ತುಸು ಹೆಚ್ಚಿನ ಒಂದು ಸಂಖ್ಯೆಯನ್ನು ಆರು ಬಾರಿ ಗುಣಿಸಿ ಅರ್ಧ ಮಾಡಿದರೆ ಬರುವುದು ನೂರ ಎಪ್ಪತ್ತಾರು ಕೋಟಿಯೇ. 13, 29, 53 ಕೂಡ ಇದೇ ಜಾತಿಯವು. ಅವುಗಳ ಜ್ಯೇಷ್ಠಗಳು 649, 9801 ಮತ್ತು 66249, ಪ್ರತಿಯೊಂದೂ ತನ್ನ ನೆರೆಹೊರೆಗಿಂತ ಎದ್ದು ಕಾಣುವಷ್ಟು ದೊಡ್ಡದು. ಆದರೆ ಅವುಗಳ ಬೀಜಗಳು 3, 5, 7 ಮಾತ್ರ. 61ರ ಬೀಜ 39 ಆದದ್ದರಿಂದ ಅಂತರ ಆಕಾಶಕ್ಕೇರಿತು.

1657ರ ಫೆಬ್ರುವರಿಯಲ್ಲಿ ಫ್ರಾನ್ಸಿನ ತುಲೂಸಿನಲ್ಲಿದ್ದ ಪಿಯರ್ ದ ಫರ್ಮಾ ಇದೇ ಪ್ರಶ್ನೆಯನ್ನು ಯುರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟರು. ಪ್ಯಾರಿಸಿನ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ, ಹೆಚ್ಚು ತೊಂದರೆ ಕೊಡಬಾರದೆಂಬ ನೆಪದಲ್ಲಿ ಎರಡು ಸಣ್ಣ ಸಂಖ್ಯೆಗಳನ್ನು ಸೂಚಿಸಿದರು: 61 ಮತ್ತು 109. ಇದು ಶುದ್ಧ ಕಿಡಿಗೇಡಿತನ. 109 ಕೂಡ ಅದೇ ಜಾತಿಯದು. ಅದರ ಬೀಜ 261, ಕ್ಷೇಪ ಮತ್ತೆ −4, ಮತ್ತು ಬ್ರಹ್ಮಗುಪ್ತರ ಅದೇ ನಿಯಮವನ್ನು ಹಾಕಿದರೆ ಬರುವ ಜ್ಯೇಷ್ಠ 158070671986249. ಇವೆರಡನ್ನೇ ಆರಿಸಬೇಕಾದರೆ ಫರ್ಮಾ ಅವುಗಳ ಉತ್ತರದ ಗಾತ್ರವನ್ನು ಮೊದಲೇ ಬಲ್ಲವರಾಗಿರಲೇಬೇಕು. ಇಂಗ್ಲೆಂಡಿನಲ್ಲಿ ಸವಾಲನ್ನು ಎತ್ತಿಕೊಂಡ ವಿಲಿಯಂ ಬ್ರೌಂಕರ್ ಮತ್ತು ಜಾನ್ ವಾಲಿಸ್ ಮೊದಲು ಭಿನ್ನರಾಶಿಗಳಲ್ಲಿ ಉತ್ತರ ಕೊಟ್ಟರು. ಭಿನ್ನಗಳಿಗೆ ಅವಕಾಶವಿದ್ದರೆ ಪ್ರಶ್ನೆಯಲ್ಲಿ ಹುರುಳೇ ಇಲ್ಲ. 61ಕ್ಕೆ 125/3 ಮತ್ತು 16/3 ಸಾಕು, ಅದನ್ನು ಒಂದು ಸಾಲಿನಲ್ಲಿ ಬರೆಯಬಹುದು. ಪೂರ್ಣಾಂಕಗಳೇ ಬೇಕೆಂದು ಫರ್ಮಾ ಒತ್ತಾಯಿಸಿದ ಮೇಲೆ ಬ್ರೌಂಕರ್ ನಿಜವಾದ ವಿಧಾನವನ್ನು ಕಂಡುಕೊಂಡರು, ಮತ್ತು 313ಕ್ಕೆ 32188120829134849 ಎಂಬ ಹದಿನೇಳು ಅಂಕಿಗಳ ಜ್ಯೇಷ್ಠವನ್ನು ಪಡೆದು ತೋರಿಸಿದರು. ಮುಂದೆ ಗಣಿತಜ್ಞ ಆಯ್ಲರ್ ಮಾಡಿದ ಗೊಂದಲದಿಂದ ಸಮೀಕರಣಕ್ಕೆ ಜಾನ್ ಪೆಲ್ ಎಂಬ ಮೂರನೆಯವರ ಹೆಸರು ಅಂಟಿಕೊಂಡು ಅದೇ ಉಳಿಯಿತು.

ಇವರಲ್ಲಿ ಯಾರಿಗೂ ಭಾಸ್ಕರರ ಉತ್ತರ ಗೊತ್ತಿರಲಿಲ್ಲ. ಬೀಜಗಣಿತವನ್ನು ಕೋಲ್‌ಬ್ರೂಕ್ ಸಂಸ್ಕೃತದಿಂದ ಇಂಗ್ಲಿಷಿಗೆ ತಂದದ್ದು 1817ರಲ್ಲಿ. 1150 ಮತ್ತು 1657ರ ನಡುವಿನ 507 ವರ್ಷಗಳ ಅಂತರವನ್ನು ಹಿಡಿದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಾನೂ ಓದಿದ್ದೇನೆ. ಅಂತರ ನಿಜವೇ, ಆದರೆ ಆ ಸಂದೇಶಗಳಲ್ಲಿ 39 ಎಂಬ ಸಂಖ್ಯೆ ಒಮ್ಮೆಯೂ ಕಾಣಿಸಿಕೊಂಡದ್ದಿಲ್ಲ. ಯಾರು ಮೊದಲು ಎಂಬುದಷ್ಟೇ ಅವುಗಳ ಕಾಳಜಿ. ಜರ್ಮನಿಯ ಗಣಿತ ಇತಿಹಾಸಕಾರ ಹರ್ಮನ್ ಹಾಂಕಲ್ 1874ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಚಕ್ರವಾಳವನ್ನು ಹದಿನೆಂಟನೆಯ ಶತಮಾನದ ಗಣಿತಜ್ಞ ಲಗ್ರಾಂಜ್‌ಗಿಂತ ಹಿಂದಿನ ಸಂಖ್ಯಾಶಾಸ್ತ್ರದ ಅತ್ಯುತ್ತಮ ಸಾಧನೆಯೆಂದು ಹೊಗಳಿದಾಗ ಅವರು ನೋಡಿದ್ದು ವಿಧಾನವನ್ನು, ದಿನಾಂಕವನ್ನಲ್ಲ.

ವರ್ಗವಲ್ಲದ ಪ್ರತಿಯೊಂದು ಪ್ರಕೃತಿಗೂ ಇಂತಹ ಉತ್ತರ ಇದ್ದೇ ಇರುತ್ತದೆ ಎಂಬುದಕ್ಕೆ ಪೂರ್ಣ ರುಜುವಾತನ್ನು 1760ರ ದಶಕದ ಕೊನೆಯಲ್ಲಿ ಕೊಟ್ಟವರು ಆ ಲಗ್ರಾಂಜ್. ಭಾಸ್ಕರರ ಗ್ರಂಥದಲ್ಲಿ ಚಕ್ರ ಎಂದಾದರೂ ನಿಲ್ಲುತ್ತದೆ ಎಂಬುದಕ್ಕೆ ರುಜುವಾತಿಲ್ಲ. ಉದಾಹರಣೆಗಳಿವೆ, ಮತ್ತು ಅವುಗಳಲ್ಲಿ ಅದು ನಿಲ್ಲುತ್ತದೆ. ಎರಡೂ ಬೇರೆ ಬೇರೆ ಬಗೆಯ ಕೆಲಸಗಳು. ಒಂದರ ಹಿರಿಮೆಯನ್ನು ಇನ್ನೊಂದರಿಂದ ಅಳೆಯುವುದು ನನಗೆ ಸರಿಕಾಣುವುದಿಲ್ಲ.

ಈ ಸಂಖ್ಯೆಯ ಉಪಯೋಗವೇನು ಎಂದು ಕೇಳುವವರಿಗೆ ಹೇಳಬಹುದಾದದ್ದು ಒಂದಿದೆ. 1766319049ನ್ನು 226153980ರಿಂದ ಭಾಗಿಸಿದರೆ 61ರ ವರ್ಗಮೂಲ ಸಿಗುತ್ತದೆ, ದಶಮಾಂಶ ಬಿಂದುವಿನ ನಂತರ ಹದಿನೇಳು ಸ್ಥಾನಗಳವರೆಗೆ ಸರಿಯಾಗಿ: 7.81024967590665439. ಮೊದಲ ಹೆಜ್ಜೆಯ 39/5 ಕೊಡುವುದು 7.8 ಮಾತ್ರ. ಇನ್ನೂ ಹೆಚ್ಚಿನ ನಿಖರತೆ ಬೇಕಾದವರು ಮುಂದಿನ ಜೋಡಿಗೆ ಹೋಗಬಹುದು, ಮತ್ತು ಅಲ್ಲಿಗೆ ಹೋಗಲು ಹೊಸದಾಗಿ ಏನನ್ನೂ ಹುಡುಕಬೇಕಾಗಿಲ್ಲ, ಏಕೆಂದರೆ 61ರ ಉಳಿದೆಲ್ಲ ಉತ್ತರಗಳೂ ಈ ಮೊದಲ ಜೋಡಿಯನ್ನು ಅದರೊಡನೆಯೇ ಮತ್ತೆ ಮತ್ತೆ ಬೆಸೆದು ಬರುವಂಥವು. ಎರಡನೆಯ ಜ್ಯೇಷ್ಠಮೂಲವನ್ನು ಪಡೆಯಲು 1766319049ರ ವರ್ಗವನ್ನು ಇಮ್ಮಡಿಸಿ ಒಂದನ್ನು ಕಳೆದರೆ ಸಾಕು, ಅದು 6239765965720528801.